ಕೆಂಪು ದಾರದ ಐದು ಕಾಯಿ

ಮನೆ, ಮೂರನೆಯ ಮಹಡಿ
ಹನ್ನೆರಡನೆಯ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಜ್ಜಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೇ? ಬಗ್ಗಬಾರದು, ಕೆಮ್ಮಬಾರದು, ಭಾರ ಎತ್ತಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣೀರು ಹಾಕಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಮೊದಲ ಮೂರನ್ನು ನೀವು ಪಾಲಿಸುತ್ತಿಲ್ಲ ಎಂದು ಚಿಕ್ಕಮ್ಮ ಅಮ್ಮನಿಗೆ ದೂರು ಕೊಟ್ಟಿದ್ದಾರೆ. ಮಂಚದ ಕೆಳಗೆ ಹೋದ ಚಪ್ಪಲಿಯನ್ನು ನೀವೇ ಬಗ್ಗಿ ಹುಡುಕಿದಿರಂತೆ. ಚಪ್ಪಲಿ ಎಲ್ಲಿಗೂ ಓಡಿಹೋಗುವುದಿಲ್ಲ ಅಜ್ಜಾ, ಯಾರಾದರೂ ಬರುವ ತನಕ ಕಾಯಿರಿ. ಫೋನು ಮಾಡಿದರೆ ನೀವು 'ಹೂಂ, ಸರಿ, ಇಡು' ಎಂಬ ಮೂರು ಮಾತಿಗಿಂತ ಹೆಚ್ಚು ಆಡುವುದಿಲ್ಲ, ನನಗೂ ಫೋನಿನಲ್ಲಿ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಪತ್ರವೇ ಸರಿ. ನಿಮ್ಮ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಚಿಕ್ಕಮ್ಮ ಓದಿ ಹೇಳುತ್ತಾರೆ.

(ಚಿಕ್ಕಮ್ಮಾ, ಹೀಗೆ ಕಂಸದೊಳಗೆ ಹಾಕಿ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದದ್ದು ನಿಮಗೆ ಮಾತ್ರ. ಅಜ್ಜನಿಗೆ ಕೇಳುವಂತೆ ಓದಬೇಡಿ. ಬೇರೆ ಹಾಳೆಯಲ್ಲಿ ಬರೆಯೋಣವೆಂದರೆ ಅವರು ಹಾಳೆಗಳನ್ನು ಮುಟ್ಟಿ ಎಣಿಸುತ್ತಾರೆ. ಇಂಥ ಕಡೆ ಬಂದಾಗ ಒಮ್ಮೆ ಕೆಮ್ಮಿ ಮುಂದಕ್ಕೆ ಹೋಗಿಬಿಡಿ. ವಿಷಯ ಇಷ್ಟೇ: ಅಜ್ಜಿಯ ಕಾಲದ ಆ ಬೀನ್ಸ್ ಬಳ್ಳಿ, ಮೊಂಡ, ಹೋಯಿತು. ಬೀಜವೂ ಉಳಿದಿಲ್ಲ. ನನ್ನಿಂದಲೇ. ವಿವರ ಕೆಳಗೆ ಬರೆಯುತ್ತೇನೆ.)

ಮಹಡಿಯ ಮೇಲಿನ ನಿಮ್ಮ ಇಪ್ಪತ್ತೆರಡು ಗಿಡದ ಡಬ್ಬಿಗಳ ಯೋಗಕ್ಷೇಮ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಜಗಳವಿದೆ. ಕಣ್ಣಿನ ಆಪರೇಷನ್ನಿಗೆಂದು ಚಿಕ್ಕಮ್ಮನ ಮನೆಗೆ ಹೊರಡುವ ಮುಂಚೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನೀವು ಬರೆದಿಟ್ಟ ಸೂಚನೆಗಳನ್ನು ನಾನು ಈ ಐದು ವಾರದಲ್ಲಿ ಐವತ್ತು ಸಲ ಓದಿದ್ದೇನೆ. 'ನೀರು: ಬೇಕಾದಷ್ಟು.' 'ಗೊಬ್ಬರ: ಸ್ವಲ್ಪ, ಜಾಸ್ತಿ ಬೇಡ.' 'ಟೊಮೇಟೊ: ನೋಡಿಕೊಂಡು ಮಾಡು.' ಬೇಕಾದಷ್ಟು ಅಂದರೆ ಎಷ್ಟು? ಚೊಂಬೇ, ಲೋಟವೇ, ಬೊಗಸೆಯೇ? ಏನು ನೋಡಿಕೊಳ್ಳಬೇಕು, ನೋಡಿಕೊಂಡು ಏನು ಮಾಡಬೇಕು? ಬಸ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು ನೀವು. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ರೇಗುತ್ತಿದ್ದವರು. ಡಬ್ಬಿಗಳ ತಳಕ್ಕೆ ಕೊರೆದ ತೂತುಗಳು ಕೂಡ ಒಂದೇ ಸಮ, ಒಂದೇ ಅಂತರ. ಗಿಡದ ಮಾತು ಬಂದಾಗ ಮಾತ್ರ ನಿಮ್ಮ ಅಳತೆಯ ಪಟ್ಟಿ ಎಲ್ಲಿಗೆ ಹೋಗುತ್ತದೆ? 'ಓದಿದೋಳು, ಎರಡಕ್ಷರ ಬರೆದಿಟ್ರೆ ಸಾಕು, ಅರ್ಥ ಆಗುತ್ತೆ' ಎಂದು ಅಮ್ಮನಿಗೆ ಹೇಳಿ ಹೋದಿರಂತೆ. ಎಂ.ಎ. ಓದಿದವಳಿಗೆ ಎರಡಕ್ಷರ ಕೊಟ್ಟರೆ ಇಪ್ಪತ್ತು ಅರ್ಥ ಹೊಳೆಯುತ್ತವೆ ಅಜ್ಜಾ, ಅದೇ ತೊಂದರೆ.

ಅದಕ್ಕೇ ಬೀಜದ ಅಂಗಡಿಗೆ ಹೋಗಿ ಒಂದು ಕಿರುಪುಸ್ತಕ ತಂದೆ. 'ಮನೆಯಲ್ಲೇ ತರಕಾರಿ: ಹೊಸಬರಿಗೂ ಪಳಗಿದವರಿಗೂ ಸಲಹೆಗಳು.' ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಹೊಸಬರ ಭಾಗ ಮುಂದಿದೆ' ಎಂದ. ಹಣೆಯ ಮೇಲೆ ಬರೆದಿತ್ತೋ ಏನೋ. ಪುಸ್ತಕದಲ್ಲಿ ಎಲ್ಲವೂ ಸ್ಪಷ್ಟ. ಟೊಮೇಟೊ ಗಿಡದ ಕಂಕುಳಲ್ಲಿ ಬರುವ ಚಿಗುರನ್ನು ಚಿವುಟಬೇಕು. ನಾನು ಕಂಕುಳು ಯಾವುದು, ನೆತ್ತಿ ಯಾವುದು ಎಂದು ಅರ್ಧ ಗಂಟೆ ಯೋಚಿಸಿ, ಕೊನೆಗೆ ನೆತ್ತಿಯನ್ನೇ ಚಿವುಟಿದೆ. ಈಗ ಆ ಗಿಡ ಕುಳ್ಳಗೆ, ಅಗಲವಾಗಿ, ಕೋಪಿಸಿಕೊಂಡು ಕುಳಿತಿದೆ. ಮೆಣಸಿನ ಗಿಡಕ್ಕೆ ಹೇನು ಹತ್ತಿದಾಗ ಸೋಪಿನ ನೀರು ಚಿಮುಕಿಸಿ ಎಂದಿತ್ತು. ಎಷ್ಟು ಸೋಪು ಎಂಬುದಿದ್ದ ಪುಟವನ್ನು ಓದದೆ ತಿರುವಿದ್ದೆ. ಹೇನು ಸತ್ತವು, ಜೊತೆಗೆ ಎಲೆಗಳೂ. ಬದನೆಯದು ಇನ್ನೂ ದೊಡ್ಡ ಕಥೆ. ಕಳೆ ಕೀಳಬೇಕು ಎಂದಿತ್ತು, ಕಿತ್ತೆ. ಒಂದೇ ಒಂದು ಸಸಿ ಉಳಿಸಿ, ಅದಕ್ಕೆ ಕಡ್ಡಿ ನೆಟ್ಟು, ಮೊಟ್ಟೆಯ ಚಿಪ್ಪು ಪುಡಿ ಮಾಡಿ ಹಾಕಿ, ಮೂರು ವಾರ ಮಗುವಿನಂತೆ ಸಾಕಿದೆ. ಎರಡನೆಯ ಮಹಡಿಯ ಟೈಲರಮ್ಮ ಬಟ್ಟೆ ಒಣಗಿಸಲು ಮೇಲೆ ಬಂದವರು ಬುಟ್ಟಿ ಕೆಳಗಿಟ್ಟು ನಗಲು ಶುರುಮಾಡಿದರು. 'ಇದಕ್ಯಾಕೆ ಊರುಗೋಲು ಕಟ್ಟಿದ್ದೀಯ ತಾಯಿ? ಇದು ಕಳೆ. ರಸ್ತೆ ಬದೀಲಿ ಇನ್ನೂ ಇದ್ದಾವೆ, ಅವಕ್ಕೂ ಒಂದೊಂದು ಕಟ್ಟಿ ಬಾ.' ನಾನು ಕಿತ್ತು ಎಸೆದದ್ದೆಲ್ಲ ಬದನೆಯ ಸಸಿಗಳು. ಅವತ್ತು ಎರಡು ಹೊತ್ತು ನಾನು ಮಹಡಿ ಹತ್ತಲಿಲ್ಲ.

ಒಂದು ಉಪಕಾರವನ್ನೂ ಹೇಳಬೇಕು. ಟೈಲರಮ್ಮನೇ ನನ್ನ ತೋರುಬೆರಳು ಹಿಡಿದು ಎರಡನೆಯ ಗೆಣ್ಣಿನ ತನಕ ಮಣ್ಣಿಗೆ ಚುಚ್ಚಿಸಿದರು. 'ಒದ್ದೆ ಅಂಟಿದ್ರೆ ನೀರು ಬೇಡ, ಪುಡಿ ಅಂಟಿದ್ರೆ ಬೇಕು. ಹೊಲಿಗೇಲೂ ಅಷ್ಟೇ, ಮುಟ್ಟದೆ ಬಟ್ಟೆ ತಿಳಿಯಲ್ಲ' ಎಂದರು. ನಿಮ್ಮ 'ಬೇಕಾದಷ್ಟು' ಎಂದರೆ ಈ ಬೆರಳಿನ ಲೆಕ್ಕ ಎಂದು ಅವತ್ತು ತಿಳಿಯಿತು. ಅಲ್ಲಿಯತನಕ ದಿನಕ್ಕೆ ಎರಡು ಹೊತ್ತು ಎಲೆಗಳ ತಲೆಯ ಮೇಲೆ ಸುರಿಯುತ್ತಿದ್ದೆ. ಈಗ ಬೆಳಿಗ್ಗೆ ಮಾತ್ರ, ಬುಡಕ್ಕೆ ಮಾತ್ರ, ಬೆರಳು ಹೇಳಿದರೆ ಮಾತ್ರ. ಒಣ ಎಲೆಗಳನ್ನು ಮಣ್ಣಿನ ಮೇಲೆ ಹರಡಿದ್ದೇನೆ. ಹದಿನಾರು ಡಬ್ಬಿ ಬದುಕಿವೆ. ಸೊಪ್ಪು ಚೆನ್ನಾಗಿದೆ, ಅದು ನಾನು ಏನೂ ಮಾಡದೆ ಬಿಟ್ಟದ್ದು.

ಮೂರು ಸಲ ಫೋನಿನಲ್ಲಿ ಕೇಳಿಸಿದಿರಂತೆ, ಮೊಂಡ ಹೇಗಿದೆ ಎಂದು. ಚೆನ್ನಾಗಿದೆ. ಎಂದಿನ ಹಾಗೆಯೇ ಇದೆ.

(ಚಿಕ್ಕಮ್ಮಾ, ಇಲ್ಲಿ ಕೆಮ್ಮಿ. ನಿಮಗೆ ಗೊತ್ತು, ಬೇರೆ ಬೀನ್ಸ್ ಐದು ದಿನಕ್ಕೆ ಮೊಳೆತರೆ ಇದು ಹತ್ತು ದಿನ ಮಣ್ಣಲ್ಲೇ ಮುಸುಡಿ ತಿರುಗಿಸಿ ಮಲಗಿರುತ್ತಿತ್ತು. ಮೊಂಡ ಎಂದು ಹೆಸರಿಟ್ಟದ್ದೇ ಅಜ್ಜಿ. ಅವರು ಹೋದ ಮೇಲೆ ಒಂದು ವರ್ಷವೂ ತಪ್ಪಿಸದೆ ಅಜ್ಜ ಅದನ್ನು ಬಿತ್ತಿದ್ದಾರೆ. ಈ ಸಲ ಬಳ್ಳಿಯಲ್ಲಿ ಐದು ಕಾಯಿಗೆ ಕೆಂಪು ದಾರ ಸುತ್ತಿತ್ತು. ಬಳ್ಳಿಯನ್ನು ಕಂಬಿಗೆ ಎತ್ತಿ ಕಟ್ಟಿದ ದಾರವಿರಬೇಕು, ಜಾರಿದೆ ಎಂದುಕೊಂಡೆ. ಬೀಜಕ್ಕೆಂದು ಬಿಟ್ಟ ಕಾಯಿಗಳ ಗುರುತು ಅದು ಎಂದು ಕ್ಯಾಲೆಂಡರಿನ ಬೆನ್ನಲ್ಲಿ ಎಲ್ಲೂ ಇಲ್ಲ. ಕಿರುಪುಸ್ತಕದಲ್ಲಿ ಇದ್ದದ್ದು ಬೇರೆ: ಬೀನ್ಸ್ ಬಲಿಯಲು ಬಿಡಬೇಡಿ, ಬಲಿತ ಕಾಯಿ ಉಳಿದರೆ ಬಳ್ಳಿ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಸಲಹೆ ಸುಳ್ಳಲ್ಲ, ಟೈಲರಮ್ಮನೂ ಒಪ್ಪಿದರು. ನಾನು ಒಂದೂ ಬಿಡದೆ ಕೊಯ್ದೆ. ದಾರ ಬಿಡಿಸಿ, ಸುತ್ತಿ, ಜೋಪಾನವಾಗಿ ಡ್ರಾಯರಿನಲ್ಲಿ ಇಟ್ಟೆ! ಅಮ್ಮ ಪಲ್ಯ ಮಾಡಿದರು. 'ಇದೇನೇ, ಹಗ್ಗ ಬೇಯಿಸಿದ ಹಾಗಿದೆ' ಎನ್ನುತ್ತ ಇಬ್ಬರೂ ಅಗಿದು ಅಗಿದು ತಿಂದೆವು. ಮರುವಾರ ಬಳ್ಳಿ ಬುಡದಿಂದ ಹಳದಿಯಾಗಿ ಒಣಗಿತು. ಟೈಲರಮ್ಮ ಹೇಳಿದರು, ಅದರ ಆಯುಸ್ಸೇ ಅಷ್ಟಂತೆ, ಪ್ರತಿವರ್ಷ ಹೋಗುತ್ತದಂತೆ, ಬೀಜ ಕೊಟ್ಟು ಹೋಗುತ್ತದಂತೆ. ಅಜ್ಜನ ಬೀಜದ ಪೆಟ್ಟಿಗೆ ತೆಗೆದು ನೋಡಿದೆ. 'ಮೊಂಡ' ಎಂದು ಬರೆದ ಬೆಂಕಿಪೊಟ್ಟಣದಲ್ಲಿ ಹುಳು ಕೊರೆದ ಹಿಟ್ಟು ಮಾತ್ರ ಇತ್ತು. ಕಣ್ಣೀರು ಬರಬಾರದು ಎಂದು ಡಾಕ್ಟರು ಹೇಳಿದ ಮೇಲೆ ಇದನ್ನು ಅವರಿಗೆ ಹೇಗೆ ಹೇಳುವುದು? ಅಂಗಡಿಯಿಂದ ಹಾಗೇ ಕಾಣುವ ಬೀಜ ತಂದು ಬಿತ್ತಿಬಿಡೋಣ ಎಂದು ಅಮ್ಮ. ಐದನೆಯ ದಿನ ಮೊಳೆತರೆ ಅಜ್ಜನಿಗೆ ಗೊತ್ತಾಗದೇ? ನೀವೇ ಒಂದು ದಾರಿ ಹೇಳಿ. ಅಂಚಿನ ಗೆರೆ ಇಲ್ಲಿಗೆ ಮುಗಿಯಿತು.)

ಅಜ್ಜಾ, ಚಿಕ್ಕಮ್ಮನಿಗೆ ಕೆಮ್ಮು ಜಾಸ್ತಿಯಾಗಿದ್ದರೆ ಔಷಧ ತೆಗೆದುಕೊಳ್ಳಲು ಹೇಳಿ. ನನಗೆ ಸಿಟ್ಟು ಬಂದಿರುವುದು ನಿಮ್ಮ ಮೇಲಲ್ಲ. ಮಣ್ಣಿನ ಮೇಲೆ ಬರೆದ ಎಷ್ಟು ಪದ್ಯಗಳಿಗೆ ನಾನು ಪುಟಗಟ್ಟಲೆ ವ್ಯಾಖ್ಯಾನ ಬರೆದು ಅಂಕ ಗಳಿಸಿದ್ದೇನೆ. ಆಗ ಒಮ್ಮೆಯೂ ಉಗುರಿನ ಸಂದಿಗೆ ಮಣ್ಣು ಹೋಗಿರಲಿಲ್ಲ. ನೀವು ಹದಿನೈದು ವರ್ಷ ಇದೇ ಮಹಡಿಯಲ್ಲಿ ಕೆಲಸ ಮಾಡುವಾಗ ನಾನು ನೀರಿನ ತೊಟ್ಟಿಯ ನೆರಳಲ್ಲಿ ಕುಳಿತು ಓದುತ್ತಿದ್ದೆ. ನಿಮ್ಮ ಟೋಪಿಯ ಬೆವರಿನ ಕಲೆ, ಡಬ್ಬಿ ತಿರುಗಿಸುವಾಗ ನೀವು ಹಲ್ಲಿನ ಸಂದಿಯಲ್ಲಿ ಹಾಕುವ ಸಿಳ್ಳೆ, ಎಲ್ಲ ನೆನಪಿದೆ. ಕೈ ಏನು ಮಾಡುತ್ತಿತ್ತು ಎಂಬುದು ಮಾತ್ರ ನೆನಪಿಲ್ಲ. ಎಲ್ಲವನ್ನೂ ಗಮನಿಸುವವಳು ಎಂದು ಬೀಗುತ್ತಿದ್ದೆ. ಗಮನಿಸಬೇಕಾದ ಕಡೆ ಬಿಟ್ಟು ಸುತ್ತಮುತ್ತ ನೋಡಿದ್ದೇನೆ ಅಷ್ಟೆ.

ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿ. ಅಮ್ಮ ನಿಮ್ಮ ಕೋಣೆಯ ಪರದೆ ಒಗೆದಿದ್ದಾರೆ. ಬೇಗ ಬನ್ನಿ ಎನ್ನಬೇಕೋ, ನಿಧಾನವಾಗಿ ಬನ್ನಿ ಎನ್ನಬೇಕೋ ತಿಳಿಯುತ್ತಿಲ್ಲ. ಗುಣವಾಗಿ ಬನ್ನಿ. ನಿಮ್ಮ ಆಶೀರ್ವಾದ ನನಗಿಂತ ಹೆಚ್ಚಾಗಿ ಉಳಿದ ಹದಿನಾರು ಡಬ್ಬಿಗಳಿಗೆ ಬೇಕು.

ನೀವು ಹೆಸರಿಟ್ಟ
ಪಂಡಿತರು

ಸೇರಿಸಿದ್ದು, ಬುಧವಾರ ಸಂಜೆ, ಅವಸರದಲ್ಲಿ: ಚಿಕ್ಕಮ್ಮಾ, ಲಕೋಟೆ ಅಂಟಿಸುವಷ್ಟರಲ್ಲಿ ಟೈಲರಮ್ಮ ಬಂದರು. 'ನಿಮ್ಮಜ್ಜ ಆ ಬೀಜ ಒಬ್ಬರಿಗೆ ಕೊಟ್ಟಿದ್ರಲ್ಲ, ಕೆಳಗಿನ ಮನೇಲಿದ್ದ ಕಂಪೌಂಡರ್‌ಗೆ' ಎಂದರು. ನಿಮಗೆ ಆ ಜಗಳ ನೆನಪಿದೆಯಲ್ಲ? ಆಸ್ಪತ್ರೆಗೆ ಹಾಕಿಕೊಂಡು ಹೋಗುವ ಅವರ ಬಿಳಿ ಕೋಟು ಅಂಗಳದಲ್ಲಿ ಒಣಗುತ್ತಿದ್ದಾಗ ಮೇಲಿಂದ ಅಜ್ಜನ ಡಬ್ಬಿಗಳ ಗೊಬ್ಬರದ ನೀರು ಸುರಿದದ್ದು, ಅಜ್ಜ 'ಒಳ್ಳೇದೇ ಆಯ್ತು, ಕೋಟೂ ಬೆಳೆದೀತು' ಎಂದದ್ದು, ಅವರು ಮನೆ ಬಿಟ್ಟು ಎರಡು ಬೀದಿ ಆಚೆ ಹೋದದ್ದು. ಎರಡು ವರ್ಷವಾಯಿತು ಮಾತಿಲ್ಲ. ನಾನು ಅವರ ಬಾಗಿಲ ಮುಂದೆ ಮೂರು ಸಲ ಹೋಗಿ ಮೂರು ಸಲ ವಾಪಸಾದೆ. ನಾಲ್ಕನೆಯ ಸಲ ಅವರೇ ಬಾಗಿಲು ತೆಗೆದು, 'ಅಜ್ಜನ ಮೂಗು ಬಂದಿದೆ ನಿನಗೆ, ಬಾಯಿ ಬಂದಿಲ್ಲ. ಪುಣ್ಯ. ಒಳಗೆ ಬಾ' ಎಂದರು. ಹಿತ್ತಲ ಗೋಡೆಯ ಮೇಲೆ ಮೊಂಡ ಹಬ್ಬಿದೆ ಚಿಕ್ಕಮ್ಮಾ! ಕಾಯಿಗಳಿಗೆ ಕೆಂಪು ದಾರದ ಬದಲು ಬ್ಯಾಂಡೇಜ್ ಬಟ್ಟೆಯ ಚೂರು ಕಟ್ಟಿದ್ದಾರೆ. ಒಣಗಿ ಗಲಗಲ ಅನ್ನುತ್ತಿವೆ. ಬಾಯಿಬಿಟ್ಟು ಕೇಳಿದೆ. 'ಕೊಡ್ತೀನಿ. ಆದ್ರೆ ನಿನ್ನ ಮುಖ ನೋಡಿ ಅಲ್ಲ. ಅವನು ಕೇಳ್ಲಿ. ಕಣ್ಣು ಕಾಣದಿದ್ರೆ ಮಗಳ ಕೈಲಿ ಬರೆಸ್ಲಿ. ಕೋಟಿನ ವಿಷಯ ಒಂದು ಸಾಲು ಇರ್ಬೇಕು, ಒಂದೇ ಸಾಲು' ಎಂದರು. ಈ ತಿಂಗಳು ದಾಟಿದರೆ ಬಿತ್ತುವ ಹೊತ್ತು ಮೀರುತ್ತದಂತೆ.

ಆದ್ದರಿಂದ ಅಜ್ಜನಿಗೆ ಎಲ್ಲವನ್ನೂ ಓದಿ, ಕೆಮ್ಮದೆ ಓದಿ. ಅಂಚಿನ ಗೆರೆಗಳನ್ನು ರಬ್ಬರಿನಿಂದ ಉಜ್ಜಿದ್ದೇನೆ, ಮಚ್ಚೆ ಉಳಿದಿದೆ, ಇಲ್ಲವೆಂದುಕೊಳ್ಳಿ. ಬಾಗಿಲ ತನಕ ಬಂದು ಕಂಪೌಂಡರು ಮೂರು ಸಲ ಕೇಳಿದರು, ಅಜ್ಜನ ಕಣ್ಣಿಗೆ ಯಾವ ಹನಿ, ದಿನಕ್ಕೆಷ್ಟು ಸಲ, ಯಾರು ಹಾಕುತ್ತಾರೆ ಎಂದು. 'ಹನಿ ಹಾಕಿದ್ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಅಲ್ಲಾಡದೆ ಕೂತಿರ್ಬೇಕು ಅಂತ ಹೇಳು. ನಾನು ಹೇಳ್ದೆ ಅನ್ಬೇಡ' ಎಂದರು. ಚಿಕ್ಕಮ್ಮಾ, ಮೊದಲು ಹನಿ ಹಾಕಿ ಕೂರಿಸಿ. ಆ ಐದು ನಿಮಿಷದೊಳಗೆ ಓದಿಬಿಡಿ.