ಅಪ್ಪನ ಹೆಸರಿನ ರಿಪೋರ್ಟು

ರಾವಂದೂರು
9-12-2025, ಮಂಗಳವಾರ

ನನ್ನ ಮಗಳು ಸ್ಪಂದನಾಳಿಗೆ,

ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಅಳಿಯಂದಿರು ಗೌರೀಶ್ ಅವರನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಕೆಮ್ಮು ಈಗ ಹೇಗಿದೆ? ಕೆ.ಆರ್. ನಗರದ ಗದ್ದೆ ಬಯಲಿನ ಚಳಿ ಅವಳಿಗೆ ಆಗಿಬರುವುದಿಲ್ಲ. ಬೆಳಿಗ್ಗೆ ಸ್ಕೂಲಿಗೆ ಕಳಿಸುವಾಗ ಕಿವಿ ಮುಚ್ಚಿ ಕಳಿಸು.

ಬರೆಯುವುದು ತಡವಾಯಿತು. ನೀನು ಫೋನ್ ಮಾಡಿದಾಗಲೆಲ್ಲ ಹಾಲು ಉಕ್ಕುತ್ತಿದೆ, ಯಾರೋ ಬಂದರು ಎಂದು ಇಟ್ಟುಬಿಡುತ್ತಿದ್ದೆ. ದಿನಕ್ಕೆ ಐದು ಸಲ ಹಾಲು ಉಕ್ಕುವಷ್ಟು ಕರಾವು ನಮ್ಮ ಮನೆಯಲ್ಲಿಲ್ಲ ಎಂದು ನಿನಗೂ ಗೊತ್ತು. ಫೋನೆಂದರೆ ನಿಮ್ಮಪ್ಪ ಪಕ್ಕಕ್ಕೆ ಬಂದು ಸ್ಪೀಕರ್ ಹಾಕು ಎನ್ನುತ್ತಾರೆ. ಅವರ ಮುಂದೆ ಈ ಮಾತು ಆಡುವುದಕ್ಕಾಗದು. ಈಗ ಊಟ ಮಾಡಿ ಮಲಗಿದ್ದಾರೆ. ನಾನು ಹಳೇ ಅಂಗನವಾಡಿ ರಿಜಿಸ್ಟರಿನಿಂದ ನಾಲ್ಕು ಹಾಳೆ ಹರಿದುಕೊಂಡು ಹಿತ್ತಲ ಬಾಗಿಲಲ್ಲಿ ಕೂತಿದ್ದೇನೆ.

ನಿಮ್ಮಪ್ಪನಿಗೆ ವಾರಕ್ಕೆ ಎರಡು ದಿನ ಹುಣಸೂರಿಗೆ ಡಯಾಲಿಸಿಸ್‌ಗೆ ಹೋಗಿಬರುವುದು ಅಭ್ಯಾಸವಾಗಿದೆ. ಹೋದ ದಿನ ಮಾತಿಲ್ಲ, ಮಾರನೆಯ ದಿನ ಸ್ವಲ್ಪ ಗೆಲುವು. ನೀರು ಅಳೆದು ಕೊಡುತ್ತೇನೆಂದು ನನ್ನ ಮೇಲೆ ರೇಗುತ್ತಾರೆ. "ನನ್ನನ್ನೇನು ಸಸಿ ಮಡಿ ಅನ್ಕಂಡಿದ್ದೀಯೇನೆ, ಲೋಟದಲ್ಲಿ ನೀರಾಕ್ತೀಯ" ಎಂದರು ಮೊನ್ನೆ. ನಗು ಬಂತು, ಹಿಂದೆಯೇ ಅಳು ಬಂತು. ಈ ವರ್ಷದ ಹೊಗೆಸೊಪ್ಪು ಹರಾಜಿಗೆ ಹೋಗಿದೆ, ಅವರು ಹೋಗಲಿಲ್ಲ. ಮೂವತ್ತೈದು ವರ್ಷದಲ್ಲಿ ಇದೇ ಮೊದಲು.

ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ನೀನು ಮೈಸೂರಿಗೆ ಹೋಗಿ ಶರತ್ ಡಾಕ್ಟರ ಮೇಲೆ ದೂರು ಕೊಡುತ್ತೀಯಂತೆ, ಅಳಿಯಂದಿರು ಹೇಳಿದರು. ಎರಡು ವರ್ಷ ಮೂತ್ರ ಪರೀಕ್ಷೆ ಮಾಡದೆಯೇ ನಾರ್ಮಲ್ ಎಂದು ಸುಮ್ಮನೆ ಬರೆದುಕೊಟ್ಟಿದ್ದಾರೆ, ಇಲ್ಲದಿದ್ದರೆ ಅಷ್ಟು ಚೆನ್ನಾಗಿದ್ದ ಕಿಡ್ನಿ ಇದ್ದಕ್ಕಿದ್ದಂತೆ ಹೇಗೆ ಹೋಗುತ್ತದೆ ಎಂಬುದು ನಿನ್ನ ವಾದ. ಹೋಗಬೇಡ ಮಗಳೇ. ಈ ಕಾಗದ ಪೂರ್ತಿ ಓದಿದ ಮೇಲೆ ನೀನೇ ಹೋಗುವುದಿಲ್ಲ.

ಆ ಡಾಕ್ಟರನ್ನು ಹುಡುಕಿ ತಂದವಳು ನೀನು. ನಿನ್ನ ದೊಡ್ಡಪ್ಪ ನಂಜಣ್ಣ ಹರಾಜು ಕಟ್ಟೆಯಲ್ಲಿ ನಿಂತ ಹಾಗೇ ಕುಸಿದು ಹೋದ ಮೇಲೆ, ನಮ್ಮಪ್ಪನಿಗೆ ಹಾಗಾಗಬಾರದು ಎಂದು ಪಿರಿಯಾಪಟ್ಟಣದಲ್ಲೆಲ್ಲ ವಿಚಾರಿಸಿದೆ. ವರ್ಷಕ್ಕೊಂದು ಸಲ ಹಣ ಕಟ್ಟಿ ಮನೆಯವರ ಹೆಸರು ಬರೆಸಿದರೆ ಸಾಕು, ಕಾಯಿಲೆ ಬರಲಿ ಬಿಡಲಿ ನಾಲ್ಕು ತಿಂಗಳಿಗೊಮ್ಮೆ ನೋಡುತ್ತಾರೆ, ಯಾವಾಗ ಬೇಕಾದರೂ ಫೋನ್ ಮಾಡಬಹುದು ಎಂದೆ. ಆಗ ನಿಮ್ಮಪ್ಪ ಏನೆಂದರು ನೆನಪಿದೆಯಾ? "ಗಟ್ಟಿಯಾಗಿರೋನ್ಗೆ ಡಾಕ್ಟ್ರು ಯಾಕವ್ವ? ಒಂದೀಟು ಸಕ್ಕರೆ ಅದೆ, ಅದೂ ಒಂದು ಕಾಯ್ಲೇನಾ? ದುಡ್ಡು ಕೊಟ್ಟು ಮನೆಗೆ ಕಾಯ್ಲ ಕರ್ದಂಗಾಯ್ತದೆ ಕಣವ್ವ." ನೀನು ಎರಡು ದಿನ ಊಟ ಬಿಟ್ಟ ಮೇಲೆ ಒಪ್ಪಿದರು.

ಒಪ್ಪಿದ್ದು ಬಾಯಲ್ಲಿ ಮಾತ್ರ. ಡಾಕ್ಟರು ನೋಡುವ ದಿನ ಹತ್ತಿರ ಬಂತೆಂದರೆ ಅವರಿಗೆ ಅದು ಹರಾಜಿನ ದಿನವೇ. ಐದು ದಿನ ಮೊದಲಿಂದ ಹಾಗಲಕಾಯಿ ಗೊಜ್ಜು, ಸಕ್ಕರೆಯಿಲ್ಲದ ಕಾಫಿ, ರಾತ್ರಿ ಅರ್ಧ ಮುದ್ದೆ. ಅಂದು ಬೆಳಿಗ್ಗೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಚೆನ್ನಾಗಿಯೇ ಇರುತ್ತಿತ್ತು. ಡಾಕ್ಟರು ಭೇಷ್ ಎನ್ನುತ್ತಿದ್ದರು. ಬರುವಾಗ ರಾವಂದೂರು ಸರ್ಕಲ್ಲಿನಲ್ಲಿ ಜಿಲೇಬಿ. ಹೀಗೆ ಮಾಡಬಾರದು ಎಂದರೆ, "ಹರಾಜಿಗೆ ಸೊಪ್ಪಿನ ಬೇಲು ಕಟ್ಟೋವಾಗ ಒಳ್ಳೆ ಎಲೆ ಮೇಲಿಕ್ಕಲ್ವಾ? ಅಂಗೇ ಕಣೆ ಇದೂ. ಗ್ರೇಡ್ ಬಂತಲ್ಲ, ಬುಡು" ಎನ್ನುತ್ತಿದ್ದರು. ಬೇಡ ಎಂದವಳು ನಾನೇ, ಹಾಗಲಕಾಯಿ ಹೆಚ್ಚಿಕೊಟ್ಟವಳೂ ನಾನೇ. ನಮ್ಮ ಯಜಮಾನರಿಗೆ ಡಾಕ್ಟರ ಬಾಯಲ್ಲಿ ಒಳ್ಳೆ ಮಾತು ಬರಲಿ ಎಂದು ನನಗೂ ಆಸೆಯಿತ್ತು.

ಇನ್ನೊಂದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ದಿನಕ್ಕೆ ಎರಡು ನುಂಗುತ್ತಿದ್ದರು. ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಪ್ರತಿಸಲ ಕೇಳುತ್ತಿದ್ದರು. ಇವರು ಇಲ್ಲ ಎಂದು ತಲೆಯಾಡಿಸುತ್ತಿದ್ದರು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ವರ್ಷಕ್ಕೊಮ್ಮೆ ಕಿಡ್ನಿಗೆಂದು ರಕ್ತ ಪರೀಕ್ಷೆ. ಮೊದಲ ವರ್ಷ ಕೊಟ್ಟರು, ಸರಿಯಿತ್ತು. ಎರಡನೇ ವರ್ಷ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು, ಬೆಂಕಿ ಬಿಟ್ಟು ಹೋಗಲಾರೆ ಎಂದರು. ಡಾಕ್ಟರು ಮೂರು ಸಲ ಫೋನ್ ಮಾಡಿದರು. ಗೌರಿಹಬ್ಬ ಕಳೆದ ವಾರ ಕಾಲು ಮುಖವೆಲ್ಲ ಊದಿ, ಉಸಿರು ಹಿಡಿದು, ಬ್ಯಾರನ್ನಿನ ಮುಂದೆಯೇ ಕೂತುಬಿಟ್ಟರು. ಮುಂದಿನದು ನಿನಗೆ ಗೊತ್ತು.

ಹೋದ ತಿಂಗಳು ಕ್ಲಿನಿಕ್ಕಿನಲ್ಲಿ ನೀನು ಆ ಮೂತ್ರದ ರಿಪೋರ್ಟುಗಳನ್ನು ಡಾಕ್ಟರ ಮೇಜಿನ ಮೇಲೆ ಎಸೆದೆ. ನರ್ಸು ಪದ್ಮಶ್ರೀ ಅಳುತ್ತಾ ಎಲ್ಲವನ್ನೂ ಆಯ್ದಿಟ್ಟಳು. ಅಂದಿನಿಂದ ಸುದ್ದಿ ಹಾರನಹಳ್ಳಿಯವರೆಗೂ ಹೋಗಿದೆ. ಪಕ್ಕದ ಮನೆ ಮಾಯಮ್ಮ ತನ್ನ ಮನೆಯ ನಾಲ್ಕೂ ಹೆಸರು ತೆಗೆಸಿದಳು. "ಪರೀಕ್ಸೆ ಮಾಡ್ದೆ ಕಾಗ್ದ ಬರ್ಕೊಡ್ತಾನಂತಲ್ಲ ಬಸಮ್ಮಕ್ಕ, ನಿಮ್ಮನೆಗೇ ಇಂಗ್ ಮಾಡ್ದೋನು ನಮ್ಮನ್ನ ಬುಟ್ಟಾನಾ?" ಎಂದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವಳ ಮಗನಿಗೆ ಮೂವತ್ತಕ್ಕೇ ಬಿ.ಪಿ. ಇದೆ ಎಂದು ಕಂಡುಹಿಡಿದು ಮಾತ್ರೆ ಹಿಡಿಸಿದ್ದು ಇದೇ ಡಾಕ್ಟರು. ಈಗ ಅವನು ಅದನ್ನೂ ಬಿಟ್ಟಿದ್ದಾನೆ.

ಹೋದ ಶುಕ್ರವಾರ ಡಾಕ್ಟರೇ ಮನೆಗೆ ಬಂದಿದ್ದರು. ನಿಮ್ಮಪ್ಪ ಮುಖ ತಿರುಗಿಸಿಕೊಂಡು ಕೂತರು. ಆದರೂ ಅವರು ನೆಲದ ಮೇಲೆ ಕೂತು ಇವರ ಎರಡೂ ಪಾದ ಹಿಡಿದು, ಬೆರಳ ಸಂದುಗಳನ್ನೆಲ್ಲ ನೋಡಿ, ಎಲ್ಲೂ ಗಾಯವಾಗದಂತೆ ನೋಡಿಕೊಳ್ಳಿ ಎಂದರು. ಹೊರಡುವಾಗ ಜಗಲಿಯಲ್ಲಿ ನಿಂತು ನನ್ನನ್ನು ಕೇಳಿದರು: "ಅಮ್ಮಾ, ಜಗಳಕ್ಕೆ ಬಂದಿಲ್ಲ. ಎರಡು ವಾರದಿಂದ ಆ ಫೈಲನ್ನೇ ತಿರುಗಿಸಿ ನೋಡ್ತಿದ್ದೀನಿ. ನಾನು ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಗೊತ್ತಾದ್ರೆ ಇನ್ನೊಬ್ಬರಿಗೆ ಹೀಗಾಗೋದು ತಪ್ಪುತ್ತೆ." ಕಾಫಿ ಕುಡಿದು ಹೋಗಿ ಎಂದೆ. ಬೇಡಮ್ಮ ಎಂದು ಬೈಕು ಹತ್ತಿ ಹೋದರು. ನನಗೆ ಮಗನಾಗುವ ವಯಸ್ಸು ಅವರದು.

ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ, ಶನಿವಾರದೊಳಗೆ ಸಿಕ್ಕೇ ಸಿಗುತ್ತದೆ. ಹಿತ್ತಲ ಅವರೆಕಾಯಿ ಸೊನೆಗಟ್ಟಿದೆ, ಈ ಕಡೆಯಿಂದ ಬರುವವರ ಕೈಯಲ್ಲಿ ಕಳಿಸುತ್ತೇನೆ. ನಿನಗೂ ನಿನ್ನ ಮನೆಗೂ ಒಳ್ಳೆಯದಾಗಲಿ. ನಮ್ಮ ಆಯಸ್ಸೂ ಸೇರಿ ಪುಟ್ಟಿ ನೂರು ವರ್ಷ ಬಾಳಲಿ.

ಇಂತು ನಿನ್ನ ಅವ್ವ,
ಬಸವಮ್ಮ

ಮರೆತ ಮಾತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ಉಳಿಸಿಕೊಂಡೆ.

ಮೂತ್ರ ಪರೀಕ್ಷೆಗೆ ಪದ್ಮಶ್ರೀ ಹಿಂದಿನ ದಿನವೇ ಎರಡು ಪುಟ್ಟ ಬಾಟಲಿ ಕೊಟ್ಟು ಹೋಗುತ್ತಿದ್ದಳು, ಒಂದರ ಮೇಲೆ ನಿಮ್ಮಪ್ಪನ ಹೆಸರು, ಇನ್ನೊಂದರ ಮೇಲೆ ನನ್ನದು. ಮೊದಲ ಸಲವೇ ಇವರು ಬಾಟಲಿಯನ್ನು ದೂರ ತಳ್ಳಿ, "ಮಗಳ ವಯ್ಸಿನ ಹುಡ್ಗಿ ಕೈಗೆ ಉಚ್ಚೆ ಕೊಟ್ ಕಳ್ಸಾಕಾದದಾ? ಮಾನ ಮರ್ವಾದೆ ಬ್ಯಾಡ್ವಾ? ಎತ್ತಾಕು ಅತ್ಲಾಗೆ" ಎಂದರು. ಖಾಲಿ ಬಾಟಲಿ ವಾಪಸು ಕೊಟ್ಟರೆ ಡಾಕ್ಟರು ನಿನಗೆ ಫೋನ್ ಮಾಡುತ್ತಾರೆ, ನೀನು ಅಪ್ಪನ ಮೇಲೆ ಕೂಗಾಡುತ್ತೀಯ, ಮನೆಯಲ್ಲಿ ರಂಪವಾಗುತ್ತದೆ ಎಂದು ಅವರದನ್ನೂ ನಾನೇ ತುಂಬಿಸಿಕೊಟ್ಟೆ. ಒಂದು ಸಲವಲ್ಲ, ಎರಡು ವರ್ಷದಲ್ಲಿ ಆರು ಸಲ. ನೀನು ಮೇಜಿನ ಮೇಲೆ ಎಸೆದ ಆ ಆರು ರಿಪೋರ್ಟಿನಲ್ಲಿ ಒಂದೂ ಸುಳ್ಳಲ್ಲ ಸ್ಪಂದನಾ, ಅವೆಲ್ಲ ನನ್ನವು. ರಕ್ತ ಪರೀಕ್ಷೆಗೆ ಕರೆಯಲು ಮೂರನೇ ಸಲ ಫೋನ್ ಮಾಡಿದಾಗ ಡಾಕ್ಟರು ನನ್ನ ಹತ್ತಿರ, "ಮೂತ್ರದ ರಿಪೋರ್ಟು ಚೆನ್ನಾಗೇ ಇದೆಯಲ್ಲ, ಸೊಪ್ಪು ಮುಗಿಸ್ಕೊಂಡೇ ಬರಲಿ ಬಿಡಿ" ಎಂದಿದ್ದರು. ನೀನು ರಿಪೋರ್ಟು ಎಸೆದ ದಿನ ನಿನ್ನೆದುರೇ ಅವರು "ಅಮ್ಮಾ, ಇದು ಯಜಮಾನರದ್ದೇ ತಾನೇ?" ಎಂದು ಕೇಳಿದಾಗ, ಹೌದು ಸ್ವಾಮಿ ಎಂದವಳು ನಾನು.

ನಿಮ್ಮಪ್ಪನಿಗೆ ಇದು ಇನ್ನೂ ಗೊತ್ತಿಲ್ಲ. ಆ ಬಾಟಲಿ ತಿಪ್ಪೆಗೆ ಹೋಯಿತು ಎಂದೇ ತಿಳಿದಿದ್ದಾರೆ. ನಾಳೆ ಹುಣಸೂರಿನಲ್ಲಿ ಅವರ ಕೈಗೆ ಸೂಜಿ ಹಾಕಿದ ಮೇಲೆ ನಾಲ್ಕು ಗಂಟೆ ಅವರು ಎಲ್ಲಿಗೂ ಎದ್ದು ಹೋಗುವಂತಿಲ್ಲ. ಪಕ್ಕದಲ್ಲಿ ಕೂತು ಹೇಳುತ್ತೇನೆ. ಆಮೇಲೆ ಪಿರಿಯಾಪಟ್ಟಣಕ್ಕೆ ಹೋಗಿ ಡಾಕ್ಟರಿಗೆ, ಬಂದ ಮೇಲೆ ಮಾಯಮ್ಮನಿಗೆ. ನಿನಗೆ ಎದುರು ನಿಂತು ಹೇಳಲು ಮಾತ್ರ ನನ್ನಿಂದ ಆಗಲಿಲ್ಲ.