ಅಳಿಯನ ಪಕ್ಕದ ಕುರ್ಚಿ

ಮೇ 6, ಸೋಮವಾರ
ತೂಕ 71.4. ಮೈಯಲ್ಲಿ ಎರಡು ಕೆ.ಜಿ. ನೀರು ಹೆಚ್ಚು. ನರ್ಸ್ ಬೈಗುಳ, ಸೂಜಿ, ಐದು ಗಂಟೆ ಯಂತ್ರ. ಎಲ್ಲ ಎಂದಿನಂತೆ. ಆದರೆ ಸುದ್ದಿ ಹೊಸದು — ಯಂತ್ರವನ್ನೇ ಹೊತ್ತ ಡಯಾಲಿಸಿಸ್ ಲಾರಿ ನಮ್ಮೂರಿಗೆ ಹೋಗುತ್ತದೆ! 21ಕ್ಕೆ. ಎರಡೇ ಕುರ್ಚಿ, ಒಂದು ನನ್ನದು. ಯಂತ್ರಕ್ಕಾಗಿ ಈ ಆಲಿಸ್ ಪಟ್ಟಣಕ್ಕೆ ಬಂದು ಮೂರು ವರ್ಷ. ವಾರಕ್ಕೆ ಮೂರು ಸಲ ಯಂತ್ರ ಬೇಕಾದವಳು ಐನೂರು ಕಿಲೋಮೀಟರ್ ದಾಟುವುದೆಲ್ಲಿ? ಅಕ್ಕನಿಗೆ ಕಣ್ಣು ಹೋಗಿದೆ, ಅವಳು ಇಲ್ಲಿಗೆ ಬರಲಾರಳು. ನಾನೇ ಹೋಗಬೇಕು. ಹೋಗುತ್ತೇನೆ.

ಮೇ 8
ಹೊಸ ನರ್ಸ್ ಬ್ರಿಜಿಟ್ ಕುಣಿಯುತ್ತ ಬಂದಳು. "ಆಂಟಿ, ನಿಮ್ಮ ಪಕ್ಕದ ಕುರ್ಚಿ ನಿಮ್ಮ ಅಳಿಯನಿಗೇ ಹಾಕ್ಸಿದೀನಿ. ಮನೆಯವ್ರೇ ಜೊತೆಗಿದ್ರೆ ಖುಷಿ ಅಲ್ವಾ?"
"ಹಾಗಾದ್ರೆ ನಾನು ಹೋಗಲ್ಲ."
ಪಾಪ, ಸಮುದ್ರದ ಕಡೆಯ ಹುಡುಗಿ, ನಮ್ಮ ಪದ್ಧತಿ ಗೊತ್ತಿಲ್ಲ. ನಮ್ಮಲ್ಲಿ ಅತ್ತೆ ಅಳಿಯ ಮುಖ ನೋಡುವಂತಿಲ್ಲ, ಮಾತಿಲ್ಲ. ಜಗಳವಲ್ಲ, ಮರ್ಯಾದೆ. ಹನ್ನೆರಡು ವರ್ಷದಿಂದ ಅವನು ಅಂಗಡಿಗೆ ಬಂದರೆ ನಾನು ಹಿಂಬಾಗಿಲಿಂದ ಹೊರಗೆ. ಲಾರಿಯಲ್ಲಿ ಸೂಜಿ ಚುಚ್ಚಿಸಿಕೊಂಡು ಎಲ್ಲಿಗೆ ಓಡಲಿ?
"ಪರದೆ ಕಟ್ಟಿದ್ರೆ?"
"ಕೆಮ್ಮಿದ್ರೆ ಕೇಳಲ್ವೇನಮ್ಮ?"
ಅವನದು ಹಠಾತ್ ಕಾಯಿಲೆ. ಕಾಲಿನ ಹುಣ್ಣು ಕೀವಾಗಿ, ನಂಜೇರಿ ಕಿಡ್ನಿ ನಿಂತಿತು, ಆರು ವಾರವಾಯಿತು. ಕಿಡ್ನಿ ಮತ್ತೆ ಕೆಲಸ ಶುರುಮಾಡಬಹುದು ಅಂತಾರೆ ಡಾಕ್ಟರ್. ನನ್ನದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ತಿಂದ ಕಿಡ್ನಿ. ಅದು ಏಳುವುದಿಲ್ಲ.

ಮೇ 10
ಬೆಳಿಗ್ಗೆ ಹೆಸರು ತೆಗೆಸಿದೆ. ಅತ್ತುಬಿಟ್ಟೆ. ಮಧ್ಯಾಹ್ನ ಮಗಳು ರೊಸೀನಾ ಬಂದಳು.
"ಅಮ್ಮಾ, ಅವ್ರು ತಮ್ಮ ಹೆಸ್ರು ತೆಗೆಸಿಬಿಟ್ರು. ನೀನು ಹೋಗ್ಬೇಕಂತೆ."
"ನಾನೂ ತೆಗೆಸ್ದೆ ಕಣೇ."
ಎರಡೂ ಕುರ್ಚಿ ಖಾಲಿ. ಬ್ರಿಜಿಟ್ ತಲೆ ಮೇಲೆ ಕೈ ಹೊತ್ತಳು. ರೊಸೀನಾ ನಗಲು ಶುರುಮಾಡಿದಳು, ನನಗೂ ತಡೆಯಲಾಗಲಿಲ್ಲ.

ಮೇ 17
ಅವನ ಕಿಡ್ನಿ ಎದ್ದಿತು! ರಕ್ತಪರೀಕ್ಷೆ ಚೆನ್ನಾಗಿದೆ, ಯಂತ್ರ ನಿಲ್ಲಿಸಿದ್ದಾರೆ.
"ಒಂದೂವರೆ ಲೀಟರ್ ಹೋಗಿದೆ ಅಮ್ಮಾ, ಒಂದೇ ದಿನಕ್ಕೆ."
"ಥೂ, ಅಳಿಯನ ಉಚ್ಚೆ ಲೆಕ್ಕ ಅತ್ತೆ ಹತ್ರ ಹೇಳ್ತಾರೇನೇ? ...ಎಷ್ಟಂದೆ?"
ನನ್ನ ಹೆಸರು ಮತ್ತೆ ಪಟ್ಟಿಯಲ್ಲಿ. ಇನ್ನೊಂದು ಕುರ್ಚಿ ನಮ್ಮೂರ ಮುದುಕಿಯೊಬ್ಬಳಿಗೆ. ಅಳಿಯ ರೊಸೀನಾ ಜೊತೆ ಬಸ್ಸಿನಲ್ಲಿ ಮೊದಲೇ ಊರಿಗೆ ಹೊರಡುತ್ತಾನಂತೆ.

ಮೇ 22, ಬೆಳಿಗ್ಗೆ 11
ಊರು. ಕೆಂಪು ಮಣ್ಣು ಚಪ್ಪಲಿಯೊಳಗೆ. ಅಕ್ಕ ನನ್ನ ಕೈ ತಡವಿದಳು. ಸೂಜಿ ಚುಚ್ಚಲು ಸೇರಿಸಿ ಹೊಲಿದ ರಕ್ತನಾಳ ಅವಳ ಬೆರಳಿಗೆ ಗುಂಯ್‌ಗುಟ್ಟಿತು. "ಒಳಗೆ ಜೇನ್ನೊಣ ಸಾಕ್ಕೊಂಡಿದೀಯೇನೇ?" ಇಬ್ಬರೂ ಅತ್ತೆವು. ಸಂತೋಷಕ್ಕೆ.

ಈಗ ಲಾರಿಯಲ್ಲಿ. ಸೂಜಿ ಎಡಗೈಗೆ, ಪೆನ್ನು ಬಲಗೈಗೆ. ಕಿಟಕಿಯಾಚೆ ಒಬ್ಬ ನನಗಾಗಿ ಬೆಂಕಿ ಹಾಕಿ ಕಾಂಗರೂ ಬಾಲ ಸುಡುತ್ತಿದ್ದಾನೆ, ಈ ಕಡೆಗೆ ಬೆನ್ನು ತಿರುಗಿಸಿ. ಬೆನ್ನು ನೋಡಬಹುದು. ಹನ್ನೆರಡು ವರ್ಷದಲ್ಲಿ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ರೊಸೀನಾಳನ್ನು ಕರೆದು ಅವನಿಗೊಂದು ಮಾತು ಹೇಳಿಸಬೇಕು. ಹೆಚ್ಚೇನಿಲ್ಲ, ಅತ್ತೆ ಹೇಳಿದಳು ಅಂತ, ಇಷ್ಟೇ — ಬಾಲ ಸೀದು ಹೋದೀತು, ತಿರುಗಿಸಪ್ಪ.