ನಾಲ್ಕನೇ ಕಲಮಿಗೆ ಏನು ಬರೆಯಲಿ?

ಕಾರ್ಖಾನೆಗಳ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಅರ್ಜಿ ನಿಮ್ಮ ಕಚೇರಿಯಿಂದ ಎರಡನೇ ಸಲ ವಾಪಸು ಬಂದಿದೆ. ಕಾರಣ ಮೊದಲಿನದೇ: ‘ನಾಲ್ಕನೇ ಕಲಮು ಭರ್ತಿ ಮಾಡಿಲ್ಲ.’ ಆ ಕಲಮಿನಲ್ಲಿ ನೀವು ಕೇಳಿರುವುದು ತೊಂದರೆ ಕೊಟ್ಟ ರಾಸಾಯನಿಕದ ಹೆಸರು. ನಾವು ಅರ್ಜಿ ಹಾಕಿದ್ದೇ ಆ ಹೆಸರನ್ನು ಪತ್ತೆ ಮಾಡಿಕೊಡಿ ಎಂದು. ಬಾವಿಗೆ ಬಿದ್ದವನು ಕೂಗಿಕೊಂಡರೆ, ಮೊದಲು ಬಾವಿಯ ಆಳ ಅಳೆದು ಬರೆದುಕೊಡು, ಹಗ್ಗದ ವಿಚಾರ ಆಮೇಲೆ ನೋಡೋಣ ಎಂದ ಹಾಗಾಯಿತು.

ನಾನು ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಯಂತ್ರ ನಡೆಸಿದವನು. ಶಾಲೆಗೆ ಹೋದದ್ದು ಮೂರೇ ವರ್ಷ. ಮಿಕ್ಕ ವಿದ್ಯೆಯನ್ನೆಲ್ಲ ಯಂತ್ರದಿಂದ ಹೊರಬೀಳುವ ಹಾಳೆ ಓದಿ ಕಲಿತೆ. ಔಷಧಿಯ ಪೆಟ್ಟಿಗೆ, ಮದುವೆಯ ಕರೆಯೋಲೆ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಅಚ್ಚಿಗೆ ಬಂದದ್ದೇ ನನಗೆ ಪಾಠ. ನೆಂಟರಿಷ್ಟರಿಗೆ ಪತ್ರ ಬರೆಯುವುದು ನನ್ನ ಹಳೆಯ ಚಟ. ಅಧಿಕಾರಿಗಳಿಗೆ ಬರೆದು ರೂಢಿಯಿಲ್ಲ. ಮಾತು ಎಲ್ಲಾದರೂ ಮನೆಯವರೊಡನೆ ಜಗಳವಾಡಿದಂತೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಬಣ್ಣ ಮುಗಿದು ಇನ್ನೊಂದು ಬಣ್ಣ ಹಾಕುವ ಮುಂಚೆ ಯಂತ್ರದ ರಬ್ಬರ್ ಉರುಳೆಗಳಿಂದ ಶಾಯಿ ಒರೆಸಿ ತೆಗೆಯಬೇಕು. ಅದಕ್ಕೊಂದು ದ್ರವವಿದೆ. ದೊಡ್ಡ ಪೀಪಾಯಿಯಲ್ಲಿ ಬರುತ್ತದೆ. ಪೀಪಾಯಿಯ ಮೇಲೆ ಒಂದು ನಂಬರು, ಮಾರಿದವರ ಫೋನು, ‘ಬೆಂಕಿಯಿಂದ ದೂರವಿಡಿ’ ಎಂಬ ಸಾಲು, ಅಷ್ಟೇ. ಅದನ್ನು ಕುಡಿಯುವ ನೀರಿನ ಖಾಲಿ ಬಾಟಲಿಗಳಿಗೆ ಬಗ್ಗಿಸಿಕೊಂಡು, ಯಾರೂ ನೀರೆಂದು ಕುಡಿಯದಿರಲಿ ಅಂತ ಬಾಟಲಿಯ ಕುತ್ತಿಗೆಗೆ ಪುಸ್ತಕ ಹೊಲಿಯುವ ದಾರ ಕಟ್ಟುತ್ತೇವೆ. ನಮ್ಮ ಸುರಕ್ಷತಾ ವ್ಯವಸ್ಥೆ ಅಂದರೆ ಒಂದು ಗೇಣು ದಾರ.

ಆ ದ್ರವಕ್ಕೆ ನಾವಿಟ್ಟ ಹೆಸರು ‘ತಂಪು’. ಚರ್ಮಕ್ಕೆ ತಾಗಿದ ಕೂಡಲೇ ಆರಿ ಹೋಗುತ್ತದೆ, ತಾಗಿದ ಜಾಗ ತಣ್ಣಗಾಗುತ್ತದೆ. ಧೂಳು ಬಂದು ಹಸಿ ಶಾಯಿಗೆ ಅಂಟೀತೆಂದು ಕಿಟಕಿ ಮುಚ್ಚಿದ ಕೋಣೆ, ಒಳಗೆ ಮೂರು ಯಂತ್ರಗಳ ಕಾವು. ಸೆಕೆ ತಡೆಯಲಾಗದಾಗ ತಂಪಿನಲ್ಲಿ ಅದ್ದಿದ ಬಟ್ಟೆಯನ್ನು ಮಣಿಕಟ್ಟಿಗೆ, ಕತ್ತಿನ ಹಿಂಭಾಗಕ್ಕೆ ಒತ್ತಿಕೊಳ್ಳುವುದು ನಮ್ಮ ಕಸುಬಿನವರ ಸುಖ. ನನಗೆ ಕೆಲಸ ಕಲಿಸಿದ ಹಿರಿಯ ಅದನ್ನೂ ಕಲಿಸಿದ. ನಾನು ನನ್ನ ತಂಗಿಯ ಮಗಳಿಗೆ ಕಲಿಸಿದೆ.

ಈ ಕೊನೆಯ ಸಾಲು ಬರೆಯಲು ನನಗೆ ಮೂರು ದಿನ ಹಿಡಿಯಿತು.

ಅವಳನ್ನು ಮನೆಯಲ್ಲಿ ಚೂಟಿ ಎನ್ನುತ್ತೇವೆ. ನಮ್ಮ ಮುದ್ರಣಾಲಯದಲ್ಲೇ ಹಾಳೆ ಎಣಿಸಲು ಕೂತರೆ ಅವಳ ಬೆರಳ ಓಟ ಕಣ್ಣಿಗೆ ಸಿಗುತ್ತಿರಲಿಲ್ಲ. ಐನೂರರ ಕಟ್ಟಿನಲ್ಲಿ ಎರಡು ಹಾಳೆ ಅಂಟಿಕೊಂಡಿದ್ದರೆ ಕಣ್ಣು ಮುಚ್ಚಿಕೊಂಡೇ ಹೇಳುವಳು. ನಾನು ನಿವೃತ್ತನಾಗುವ ವರ್ಷ ಯಂತ್ರದ ಕೋಣೆಗೆ ಸೇರಿದಳು. ಮೊದಲ ದಿನ ಬೆವರಿ ಬಸವಳಿದು ನಿಂತಿದ್ದವಳ ಕತ್ತಿಗೆ ನಾನೇ ಬಟ್ಟೆ ಒತ್ತಿದೆ. “ಏನ್ ಮಾವ, ಇಂಥ ಸುಖಾನ ಇಷ್ಟು ವರ್ಷ ಒಬ್ರೇ ಅನುಭವಿಸ್ತಿದ್ರಾ?” ಎಂದು ನಕ್ಕಳು.

ಇದಾಗಿ ನಾಲ್ಕು ವರ್ಷ. ಮೊದಲು ಬೆರಳ ತುದಿ ಜುಮುಗುಟ್ಟಿತು. ಮಲಗಿದಾಗ ಕೈ ಅಡಿಗೆ ಸಿಕ್ಕಿರಬೇಕು ಅಂದುಕೊಂಡೆವು. ಆಮೇಲೆ ಎಣಿಕೆ ತಪ್ಪತೊಡಗಿತು. ಗಮನ ಎಲ್ಲಿಟ್ಟಿದ್ದೀಯ ಎಂದು ಮಾಲೀಕರು ಗದರಿದರು. ಈಗ ಕಾಲಿನಿಂದ ಚಪ್ಪಲಿ ಕಳಚಿದರೂ ಅವಳಿಗೆ ಗೊತ್ತಾಗುವುದಿಲ್ಲ. ಕಳೆದ ತಿಂಗಳು ಮಗಳ ಅಂಗಿಯ ಗುಂಡಿ ಹಾಕಲಾಗದೆ ಕೈಬಿಟ್ಟಳಂತೆ. ಆ ಮಗುವೇ ಗುಂಡಿ ಹಾಕಿಕೊಂಡು, ಪರವಾಗಿಲ್ಲಮ್ಮ, ಅಭ್ಯಾಸ ಆಗುತ್ತೆ ಎಂದಿತಂತೆ.

ವೈದ್ಯೆ ಪರೀಕ್ಷಿಸಿ, ನರಗಳಿಗೆ ಪೆಟ್ಟಾಗಿದೆ, ಆ ದ್ರವವೇ ಕಾರಣವಿರಬಹುದು, ಇವತ್ತಿನಿಂದಲೇ ಮುಟ್ಟಬೇಡ ಎಂದರು. “ಕೆಲವು ದ್ರವಗಳಾದ್ರೆ ಬಿಟ್ಟ ಮೇಲೆ ನಿಧಾನಕ್ಕೆ ಸರಿಹೋಗತ್ತೆ. ಕೆಲವು ಹಾಗಲ್ಲ. ನನಗೆ ಅದರ ಹೆಸರು ಬೇಕು.” ಚೂಟಿ ನನ್ನ ಮುಖ ನೋಡಿದಳು. ನನ್ನ ಬಾಯಿಂದ ಬಂದದ್ದು, “ತಂಪು ಅಂತೀವಿ ಡಾಕ್ಟ್ರೇ.”

ಮಾಲೀಕರು ಮಾರುವವರನ್ನು ಕೇಳಿ ಎಂದರು. ಮಾರುವವರು ಅದು ವ್ಯಾಪಾರದ ಗುಟ್ಟು ಎಂದರು. ಅವಳ ನರಗಳ ತನಕ ಹೋಗಿ ಕೂತಿರುವ ಗುಟ್ಟು ವೈದ್ಯೆಯ ಕಿವಿಗೆ ಮಾತ್ರ ಬೀಳಬಾರದಂತೆ. ಸರಿ, ಕೆಲಸದವರಿಂದ ಒಂದು ಬಾಟಲಿ ತುಂಬಿಸಿ ತರಿಸಿಕೊಂಡು ನಿಮ್ಮ ಕಚೇರಿಗೇ ಬಂದೆ. ಬಾಗಿಲಲ್ಲಿ ಕಾವಲಿನವನು ತಡೆದ. “ಹೆಸರಿಲ್ಲದ್ದನ್ನ ಒಳಗೆ ಬಿಡಕ್ಕಾಗಲ್ಲ ತಾತ. ಏನಿದೆಯೋ ಏನೋ, ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?” ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಇಲಾಖೆಯಲ್ಲಿ ಸುರಕ್ಷತೆಯ ನಿಯಮ ಪಾಲಿಸುವ ಒಬ್ಬನನ್ನು ಅಂದು ಕಂಡೆ. ನಿಮ್ಮ ಕಟ್ಟಡದೊಳಕ್ಕೆ ಬರಬಾರದ್ದು ನಮ್ಮ ಕೋಣೆಯಲ್ಲಿ ಪೀಪಾಯಿಗಟ್ಟಲೆ ಇರಬಹುದೆ?

ಅವನ ಬೆನ್ನ ಹಿಂದಿನ ಗೋಡೆಯಲ್ಲಿ ನಿಮ್ಮ ಭಿತ್ತಿಪತ್ರವಿತ್ತು: ‘ನೀವು ಬಳಸುವ ರಾಸಾಯನಿಕವನ್ನು ಅರಿಯಿರಿ. ಡಬ್ಬದ ಮೇಲಿನ ಚೀಟಿ ಓದಿ.’ ಎಡ ಅಂಚಿನಲ್ಲಿ ನೀಲಿ ತುಸು ಗಾಢವಾಗಿತ್ತು. ನೋಡಿದೊಡನೆ ಗುರುತು ಸಿಕ್ಕಿತು, ಅದು ನನ್ನ ಯಂತ್ರದ ದೋಷ. ನನ್ನ ಕೊನೆಯ ದೊಡ್ಡ ಕೆಲಸ, ಐದು ಸಾವಿರ ಪ್ರತಿ. ನಾಲ್ಕು ಬಣ್ಣಕ್ಕೂ ಉರುಳೆಗಳನ್ನು ತಂಪಿನಿಂದ ತೊಳೆದವಳು ಚೂಟಿ. ಎಣಿಸಿ ಕಟ್ಟಿದವಳೂ ಅವಳೇ. ಐದು ಸಾವಿರದಲ್ಲಿ ಒಂದನ್ನೂ ನಮ್ಮ ಕೋಣೆಯ ಗೋಡೆಗೆ ನೀವು ಅಂಟಿಸಲಿಲ್ಲ. ಅಂಟಿಸಿದ್ದರೂ ಓದಲು ನಮಗೆ ಚೀಟಿ ಎಲ್ಲಿತ್ತು?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಈಗ ಕೆಲಸದಲ್ಲಿರುವ ಆರು ಜನಕ್ಕೆ ಆ ಬಟ್ಟೆ ಒತ್ತಿಕೊಳ್ಳಬೇಡಿ ಎನ್ನಲು ಹೋದೆ. ನಿಮಗೇನೂ ಆಗಿಲ್ಲವಲ್ಲ, ಗುಂಡುಕಲ್ಲಿನ ಹಾಗಿದ್ದೀರಿ ಎಂದು ನಕ್ಕರು. ಅದನ್ನೇ ಯೋಚಿಸುತ್ತಾ ಪೀಪಾಯಿ ನೋಡಿದೆ. ನನ್ನ ಕಾಲದ್ದು ಕಪ್ಪು, ಇದು ಹಸಿರು. ವಾಸನೆಯೂ ಬೇರೆ, ತುಸು ಸಿಹಿ. ವಿಚಾರಿಸಿದರೆ, ಮೂರು ವರ್ಷದ ಹಿಂದೆ ಬದಲಾಯಿತಂತೆ. ಒಳಗಿನ ವಸ್ತು ಬದಲಾದರೂ ನಾವು ಕರೆಯುತ್ತಿದ್ದ ಹೆಸರು ಬದಲಾಗಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಾವು ಪ್ರೀತಿಯಿಂದ ಇಟ್ಟ ಹೆಸರಿನ ಮರೆಯಲ್ಲಿ ಬೇರೇನೋ ಬಂದು ಸೇರಿಕೊಂಡಿತು. ನಾವು ತಿಳಿಯದವರು, ಸರಿ. ತಿಳಿದವರು ಈ ಮೂರು ವರ್ಷದಲ್ಲಿ ಒಂದು ದಿನವಾದರೂ ಆ ಬಾಗಿಲು ತಳ್ಳಿ ಒಳಗೆ ಬರಬಾರದಿತ್ತೆ?

ನನಗೆ ಸಮಾಧಾನದ ಮಾತಾಗಲಿ, ಜಾಗೃತಿ ಸಪ್ತಾಹವಾಗಲಿ ಬೇಡ. ಈ ವಾರ ನಿಮ್ಮವರೊಬ್ಬರು ಬಂದು ಹಸಿರು ಪೀಪಾಯಿಯಿಂದ ಮಾದರಿ ತೆಗೆದುಕೊಂಡು ಹೋಗಲಿ. ಮಾರುವವರ ಬಾಯಿ ಬಿಡಿಸಿ, ಆ ಹೆಸರನ್ನು ವೈದ್ಯೆಗೆ ತಲುಪಿಸಿ. ಅಲ್ಲಿಯವರೆಗೆ ಆ ಪೀಪಾಯಿಗೆ ಬೀಗ ಹಾಕಿಸಿ. ಆಮೇಲೆ ಪ್ರತಿ ಬಾಟಲಿಗೂ ದಾರದ ಬದಲು ನಮಗೆ ಓದಲು ಬರುವ ಭಾಷೆಯಲ್ಲಿ, ದಪ್ಪಕ್ಷರದ ಚೀಟಿ ಅಂಟಲಿ. ಬೇಕಿದ್ದರೆ ಅಚ್ಚು ಹಾಕಿಕೊಡುತ್ತೇವೆ, ಅದೇ ನಮ್ಮ ಕೆಲಸ.

ಅರ್ಜಿಯನ್ನು ಮೂರನೇ ಸಲ ಇದರೊಂದಿಗೆ ಕಳಿಸಿದ್ದೇನೆ. ಈ ಬಾರಿ ನಾಲ್ಕನೇ ಕಲಮು ಖಾಲಿಯಿಲ್ಲ. ‘ತಂಪು’ ಎಂದು ಬರೆದಿದೆ. ಅದರ ಮೇಲೆ ಗೆರೆ ಎಳೆದು ಸರಿಯಾದ ಹೆಸರನ್ನು ನೀವು ಬರೆಯಿರಿ. ಅಕ್ಷರ ಸೊಟ್ಟಗಿದೆ ಎಂದು ಮಾತ್ರ ತಿರುಗಿ ಕಳಿಸಬೇಡಿ. ಅದನ್ನು ಬರೆದವಳು ಚೂಟಿ. ಪೆನ್ನು ಹಿಡಿಯಲು ಅವಳಿಗೆ ಎರಡೂ ಕೈ ಬೇಕಾಯಿತು.

ಇಂತಿ,
ಮೊದಲ ದಿನ ಆ ಬಟ್ಟೆಯನ್ನು ತನ್ನ ಕೈಯಾರೆ ಒತ್ತಿದ
ಅವಳ ಮಾವ